ಕನ್ಯಾನದ ಮಿನುಗುವ ನಿವಾಸಿಗಳು

ಒಬ್ಬ ಮನುಷ್ಯ ಒಂದು ಊರಿನಲ್ಲಿ ವಾಸವಾಗಿದ್ದಾನೆ ಎಂಬುದು ಅವನು ಅಲ್ಲಿ ವಾಸವಾಗಿರುವ ಕಾರಣಕ್ಕೆ ಸಾಬೀತಾಗುವುದಿಲ್ಲ. ಮೆಲ್ಕಾರಿನ ನಿವಾಸಿ ದಾಖಲಾತಿ ಉಪಕೇಂದ್ರದಲ್ಲಿ ಕಂಪ್ಯೂಟರ್ ಸ್ಥಾಪನೆಯಾದ 1998ನೇ ಇಸವಿಯ ಜೂನ್ ಒಂದರಿಂದ ಈ ತತ್ವ ಜಾರಿಯಲ್ಲಿದೆ. ಅದಕ್ಕೆ ಮೊದಲು ಎಂಥ ಇತ್ತು ಎಂದು ಕೆಲವರು ಕೇಳುತ್ತಾರೆ. ಅದಕ್ಕೆ ಮೊದಲು ಪುಸ್ತಕ ಇತ್ತು, ಪುಸ್ತಕದಲ್ಲಿ ಹೆಸರು ಇತ್ತು, ನಾನು ನೋಡಿ ಬರೆದು ಕೊಡುತ್ತಿದ್ದೆ, ಜನ ತೆಗೆದುಕೊಂಡು ಹೋಗುತ್ತಿದ್ದರು. ಅಷ್ಟು ಸಲೀಸಾಗಿ ಆಗುವುದನ್ನು ಆಡಳಿತ ಎನ್ನಲಿಕ್ಕೆ ಆಗ್ತದಾ ಮಾರಾಯ್ರೆ?

ನಾನು ಶೇಖರ, ಸದರಿ ಕಚೇರಿಯ ಗುಮಾಸ್ತ. ನಮ್ಮ ಅಧಿಕಾರಿಗಳು ಜತ್ತಪ್ಪ ಗೌಡರು. ಜವಾನ ಡೊಂಬಯ್ಯ. ಕಂಪ್ಯೂಟರನ್ನು ಒಳಕೋಣೆಯಲ್ಲಿ ಏಸಿ ಹಾಕಿಸಿ ಕೂರಿಸಿದ್ದೇವೆ. ನಮಗೆ ಮಾತ್ರ ಫ್ಯಾನು. ಕಂಪ್ಯೂಟರಿನಿಂದ ವಯರು ಎಳೆದು ಗೌಡರ ಮೇಜಿನ ಮೇಲೆ ಒಂದು ಟರ್ಮಿನಲ್ ಇಟ್ಟಿದ್ದಾರೆ. ಟರ್ಮಿನಲ್ ಎಂದರೆ ಒಂದು ಕರಿ ಪರದೆ, ಒಂದು ಕೀಲಿಮಣೆ, ಅಷ್ಟೇ. ಪರದೆಯಲ್ಲಿ ಹಸಿರು ಅಕ್ಷರ ಬರುತ್ತದೆ. ಕನ್ನಡ ಅದಕ್ಕೆ ಬರುವುದಿಲ್ಲ, ಹಾಗಾಗಿ ಎಲ್ಲರ ಹೆಸರೂ ಇಂಗ್ಲಿಷಿನಲ್ಲಿ.

ಜೂನ್ ಇಪ್ಪತ್ತೆರಡರಂದು ಕನ್ಯಾನದಿಂದ ರುಕಿಯಾ ಎಂಬವರು ವಾಸ್ತವ್ಯದ ಸರ್ಟಿಫಿಕೇಟಿಗೆ ಬಂದರು. ವಯಸ್ಸು ಐವತ್ತರ ಮೇಲೆ, ಗಂಡ ಇಲ್ಲ, ಇರುವುದು ಒಬ್ಬಳೇ ಮಗಳು ಶಹನಾಝ್. ಅವಳು ಶಾರ್ಜಾದಲ್ಲಿ ಗಂಡನ ಜೊತೆ, ಈಗ ಆರು ತಿಂಗಳ ಬಸುರಿ. ಚೊಚ್ಚಲು. ಅಳಿಯ ವಿಸಾ ಕಳಿಸಲಿಕ್ಕೆ ತಯಾರು, ಆದರೆ ಅದಕ್ಕೆ ಪಾಸ್‌ಪೋರ್ಟ್ ಬೇಕು, ಪಾಸ್‌ಪೋರ್ಟಿಗೆ ನಮ್ಮ ಸರ್ಟಿಫಿಕೇಟು ಬೇಕು.

“ಹೆರಿಗೆಗೆ ನಾನು ಮುಟ್ಟಬೇಕು ಸಾರ್,” ಎಂದರು. “ಅಲ್ಲಿ ಅವಳಿಗೆ ಎಣ್ಣೆ ಹಚ್ಚಿ ಮೀಯಿಸಲಿಕ್ಕೆ ಒಂದು ಜನ ಇಲ್ಲ. ಫೋನಲ್ಲಿ ಬರೇ ಅಳ್ತಾಳೆ.”

“ಐದು ನಿಮಿಷದ ಕೆಲಸ,” ಎಂದು ನಾನು ಹೇಳಿ ಮನೆ ನಂಬರು ಒತ್ತಿದೆ. ರುಕಿಯಾ ಎಂದು ಪರದೆಯಲ್ಲಿ ಬಂತು. ಹೋಯಿತು. ಪುನಃ ಬಂತು. ಪುನಃ ಹೋಯಿತು. ಅರ್ಧ ಸೆಕೆಂಡು ಉಂಟು, ಅರ್ಧ ಸೆಕೆಂಡು ಇಲ್ಲ.

ಗೌಡರು ಕನ್ನಡಕ ತೆಗೆದು ಒರೆಸಿ ಪುನಃ ಹಾಕಿದರು. ನಮ್ಮ ಸರ್ಟಿಫಿಕೇಟಿನ ಕೊನೆಯಲ್ಲಿ ‘ಅರ್ಜಿದಾರರ ಹೆಸರನ್ನು ಪರದೆಯಲ್ಲಿ ಖುದ್ದು ಕಾಣುತ್ತಾ ಸಹಿ ಮಾಡಿರುತ್ತೇನೆ’ ಎಂಬ ಸಾಲು ಉಂಟು. ಗೌಡರ ಸಹಿಯೋ, ಚಿಕ್ಕದಲ್ಲ. ಪೂರ್ತಿ ಹೆಸರು, ಅದರ ಕೆಳಗೆ ಎರಡು ಗೆರೆ, ಗೆರೆಯ ಕೆಳಗೆ ಎರಡು ಚುಕ್ಕೆ. ಅವರು ಮೊದಲಿನ ಅಕ್ಷರ ಮುಗಿಸುವುದರೊಳಗೆ ರುಕಿಯಾ ಮಾಯ. ಸುಳ್ಳು ಸಹಿ ಮಾಡುವ ಜನ ಅವರಲ್ಲ. ಪೆನ್ನು ಎತ್ತಿ ಹಿಡಿದರು, ಹೆಸರು ಬಂದಾಗ ಊರಿದರು. ನಾನು ಪಕ್ಕದಲ್ಲಿ ನಿಂತು “ಉಂಟು, ಇಲ್ಲ, ಉಂಟು, ಇಲ್ಲ” ಎಂದು ಹೇಳುತ್ತಾ ಸಹಕರಿಸಿದೆ. ಮೂರು ನಿಮಿಷ ಬಿಟ್ಟು ನೋಡಿದರೆ ಆ ಸಹಿ ತಮ್ಮದೇ ಎಂದು ಗೌಡರಿಗೇ ನಂಬಿಕೆ ಬರಲಿಲ್ಲ. ಕಾಗದ ಹರಿದು ಹಾಕಿ, ನಾಳೆ ಬನ್ನಿ ಎಂದರು.

ಆ ಸಂಜೆ ನಾವು ಕನ್ಯಾನದ ಪಟ್ಟಿಯನ್ನು ಇಡೀ ತೆಗೆದು ನೋಡಿದೆವು. ರುಕಿಯಾರ ಮನೆಯಿಂದ ಹಿಡಿದು ಪಟ್ಟಿಯ ಕೊನೆಯವರೆಗೆ ಇನ್ನೂರ ಹನ್ನೆರಡು ಮನೆಯವರು ಒಬ್ಬರೂ ಬಿಡದೆ ಮಿನುಗುತ್ತಿದ್ದರು. ಬೇರೆ ಊರಿನ ಪಟ್ಟಿ ತೆಗೆದರೆ ಎಲ್ಲರೂ ಕಲ್ಲಿನ ಹಾಗೆ ನಿಂತಿದ್ದಾರೆ. ಗೌಡರು ಗೋಡೆಯ ನಕಾಶೆಯ ಹತ್ತಿರ ಹೋಗಿ, ಕನ್ಯಾನದ ಮೇಲೆ ಬೆರಳಿಟ್ಟು, ಬೆರಳನ್ನು ಒಂದಿಷ್ಟು ಆಚೆ ಸರಿಸಿದರು.

“ಶೇಖರ, ಇದೆಂಥ ಜಾಗ?”

“ಕೇರಳ, ಸಾರ್.”

“ಹಾಂ. ಈಗ ಗೊತ್ತಾಯ್ತಲ್ಲ? ಈಚೆ ಇರುವಾಗ ತೋರಿಸ್ತದೆ. ಆಚೆ ದಾಟಿದರೆ ತೋರಿಸುದಿಲ್ಲ. ಎಂಥ ಮಿಶನ್ ಮಾರಾಯ!”

“ಅರ್ಧ ಸೆಕೆಂಡಿಗೊಮ್ಮೆ ದಾಟ್ತಾರಾ ಸಾರ್?”

“ಗಡಿಯವರಲ್ವಾ. ಅಭ್ಯಾಸ ಆಗಿರ್ತದೆ.”

ಮರುದಿನ ರುಕಿಯಾ ಬಂದಾಗ ಗೌಡರು ಮೆತ್ತಗೆ ಕೇಳಿದರು: “ನೋಡಿಮ್ಮ, ಕೇರಳಕ್ಕೆ ಹೋಗುದುಂಟಾ ನೀವು?”

“ತಂಗಿಯ ಮನೆ ಆಚೆ ಉಂಟಲ್ಲ ಸಾರ್. ಹಬ್ಬಕ್ಕೆ ಹೋಗಿ ಬರ್ತೇನೆ.”

ಗೌಡರು ನನ್ನ ಮುಖ ನೋಡಿದರು. ನಾನು ಕಡತದಲ್ಲಿ ‘ಅರ್ಜಿದಾರರು ಒಪ್ಪಿಕೊಂಡಿರುತ್ತಾರೆ’ ಎಂದು ಬರೆದೆ. ವಾರದೊಳಗೆ ಈ ಕೆಳಗಿನ ಸುತ್ತೋಲೆ ಹೊರಬಿತ್ತು:

‘ಪರದೆಯಲ್ಲಿ ಮಿನುಗುವ ನಿವಾಸಿಗಳನ್ನು ಇನ್ನು ಮುಂದೆ ಅರೆಕಾಲಿಕ ನಿವಾಸಿಗಳೆಂದು ಪರಿಗಣಿಸತಕ್ಕದ್ದು. ಸದರಿಯವರು ಕಾಣದಿರುವ ಅವಧಿಯಲ್ಲಿ ಎಲ್ಲಿರುತ್ತಾರೆ ಎಂಬುದು ಖಚಿತವಾಗುವ ತನಕ ಅವರಿಗೆ ಯಾವುದೇ ದೃಢಪತ್ರ ನೀಡತಕ್ಕದ್ದಲ್ಲ. ಖಚಿತಪಡಿಸುವ ಸಲುವಾಗಿ ಜವಾನ ಡೊಂಬಯ್ಯ ಇವರನ್ನು ಮೊದಲ ಮಿನುಗುವ ಮನೆಯ ಜಗಲಿಗೆ ನಿಯೋಜಿಸಲಾಗಿದೆ.’

ಡೊಂಬಯ್ಯ ಒಂದು ನೋಟುಬುಕ್ಕು, ಒಂದು ಕೊಡೆ ಹಿಡಿದುಕೊಂಡು ಹೋಗಿ ರುಕಿಯಾರ ಜಗಲಿಯಲ್ಲಿ ಕೂತ. ಕಾಲು ಗಂಟೆಗೊಮ್ಮೆ ಎದ್ದು ನೋಡುವುದು, ಬರೆಯುವುದು. ರುಕಿಯಾ ಅವನಿಗೆ ಹತ್ತು ಗಂಟೆಗೆ ಚಾಯ, ಮಧ್ಯಾಹ್ನ ಗಂಜಿ ಮತ್ತು ಒಣಮೀನಿನ ಚಟ್ನಿ, ನಾಲ್ಕಕ್ಕೆ ಪುನಃ ಚಾಯ ಕೊಟ್ಟರು. ತನ್ನ ಮೇಲೆ ಕಾವಲು ಕಾಯಲಿಕ್ಕೆ ಬಂದವನಿಗೆ ಯಾರಾದರೂ ಹೀಗೆ ಬಡಿಸುತ್ತಾರಾ? ಅವರು ಬಡಿಸಿದರು. ಹದಿನೈದು ದಿನ ಬಿಟ್ಟು ಅವನು ತಂದ ನೋಟುಬುಕ್ಕಿನಲ್ಲಿ ಮೊದಲಿಂದ ಕೊನೆಯವರೆಗೆ ‘ಇದ್ದಾರೆ’ ಎಂದೇ ಇತ್ತು. ಒಂದು ಕಡೆ ಮಾತ್ರ ‘ಬಾವಿಕಟ್ಟೆಯಲ್ಲಿದ್ದಾರೆ, ಬಾವಿ ಕರ್ನಾಟಕದ್ದೇ’ ಎಂದಿತ್ತು.

ಗೌಡರು ಬಲಗೈಯಲ್ಲಿ ನೋಟುಬುಕ್ಕು ಹಿಡಿದು, ಎಡಗೈಯಲ್ಲಿ ಪರದೆ ತೋರಿಸಿದರು. ಪರದೆ ಇದ್ದಾರೆ, ಇಲ್ಲ, ಇದ್ದಾರೆ, ಇಲ್ಲ ಎನ್ನುತ್ತಿತ್ತು.

“ಈ ಮಿಶನಿಗೆ ಇಷ್ಟೆಲ್ಲ ಗೊತ್ತಾಗ್ತದೆ, ನಿನಗೆ ಕಣ್ಣಿದ್ದೂ ಗೊತ್ತಾಗ್ಲಿಲ್ವಾ?” ಎಂದು ಅವರು ಡೊಂಬಯ್ಯನನ್ನು ಕೇಳಿದರು. ಕರ್ತವ್ಯಲೋಪಕ್ಕೆ ಅವನಿಗೆ ಮೆಮೋ ಕೊಟ್ಟು ಪುನಃ ಅದೇ ಜಗಲಿಗೆ ಕಳಿಸಲಾಯಿತು.

ಇಷ್ಟರಲ್ಲಿ ಶಹನಾಝಿಗೆ ಏಳು ತುಂಬಿ ಎಂಟಕ್ಕೆ ಬಿತ್ತು. ರುಕಿಯಾ ಸುಮ್ಮನೆ ಕೂರುವ ಹೆಂಗಸಲ್ಲ. ನಮ್ಮ ಪಟ್ಟಿಯನ್ನು ಕಂಪ್ಯೂಟರಿಗೆ ತುಂಬಿಸಿದ್ದು ಯಾರು ಎಂದು ಡೊಂಬಯ್ಯನ ಹತ್ತಿರ ಕೇಳಿ ತಿಳಿದುಕೊಂಡು, ಮೂಡುಬಿದಿರೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ಜಯಪ್ರಕಾಶ್ ಎಂಬವರನ್ನು ಹುಡುಕಿ, ಬಸ್ಸಿನಲ್ಲಿ ಕೂರಿಸಿ ಕರೆದುಕೊಂಡೇ ಬಂದರು.

ಜಯಪ್ರಕಾಶ್ ಪರದೆ ನೋಡಿ ನಾಲಿಗೆ ಕಚ್ಚಿಕೊಂಡರು. “ಅಯ್ಯೋ, ಇದು ನಾನೇ ಮಾಡಿದ್ದು ಸಾರ್. ಪುಸ್ತಕದಲ್ಲಿ ಇವರ ವಯಸ್ಸಿನ ಮೇಲೆ ಶಾಯಿ ಬಿದ್ದಿತ್ತು. ಮತ್ತೆ ಕೇಳಿ ತುಂಬಿಸುವ ಅಂತ ಮಿನುಗುವ ಗುರುತು ಹಾಕಿದೆ. ನಿಲ್ಲಿಸುವ ಗುರುತು ಹಾಕ್ಲಿಕ್ಕೆ ಮರೆತೇ ಹೋಯ್ತು.”

“ಗುರುತಾ? ಎಲ್ಲುಂಟು? ಕಾಣುದಿಲ್ಲವಲ್ಲ.”

“ಅದು ಕಾಣುದಿಲ್ಲ ಸಾರ್. ಪರದೆ ಅದನ್ನು ತೋರಿಸುದಿಲ್ಲ, ಅದು ಹೇಳಿದ ಹಾಗೆ ಕೇಳ್ತದೆ. ಎಸ್ಕೇಪ್, ಒಂದು ಚೌಕ ಬ್ರಾಕೆಟ್, ಐದು, ಎಂ. ಇಷ್ಟು ಕೊಟ್ಟರೆ ಅಲ್ಲಿಂದ ಮುಂದಿನದ್ದೆಲ್ಲ ಮಿನುಗ್ತದೆ. ಐದರ ಜಾಗದಲ್ಲಿ ಸೊನ್ನೆ ಕೊಟ್ಟರೆ ನಿಲ್ತದೆ. ಬೇರೆ ಊರಿನ ಪಟ್ಟಿ ತೆಗೆಯುವಾಗ ಪರದೆ ತಾನಾಗಿ ಸರಿಯಾಗ್ತದೆ, ಹಾಗಾಗಿ ಕನ್ಯಾನದಲ್ಲಿ ಮಾತ್ರ ಹೀಗೆ.”

ಹೇಳುತ್ತಾ ಹೇಳುತ್ತಾ ಅವರು ರುಕಿಯಾರ ಹೆಸರಿನ ಹಿಂದೆ ಇದ್ದ ಐದನ್ನು ತೆಗೆದು ಸೊನ್ನೆ ಒತ್ತಿದರು. ಹೆಸರು ನಿಂತಿತು. ಕೆಳಗಿನ ಇನ್ನೂರ ಹನ್ನೊಂದು ಮನೆಯೂ ನಿಂತಿತು. ರುಕಿಯಾ ಪರದೆಯ ಹತ್ತಿರ ಬಗ್ಗಿ, ತನಗೆ ಓದಲಿಕ್ಕೆ ಬಾರದ ಇಂಗ್ಲಿಷ್ ಅಕ್ಷರಗಳನ್ನು ನೋಡಿ, “ನಿಂತಿತಲ್ಲ! ಅಲ್ಹಮ್ದುಲಿಲ್ಲಾ, ನಿಂತಿತು!” ಎಂದು ತಲೆವಸ್ತ್ರದ ಸೆರಗಿನಲ್ಲಿ ಕಣ್ಣೊರೆಸಿದರು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಬೇಕು.

ಗೌಡರಿಗೆ ಆಗಲಿಲ್ಲ.

“ಯಾರನ್ನು ಕೇಳಿ ನಿಲ್ಲಿಸಿದಿರಿ?” ಎಂದರು.

“ತಪ್ಪಲ್ವಾ ಸಾರ್ ಅದು, ಸರಿ ಮಾಡಿದೆ.”

“ಸುತ್ತೋಲೆ ಹೋಗಿದೆ. ಜಗಲಿಯಲ್ಲಿ ಜವಾನ ಕೂತಿದ್ದಾನೆ. ಮೇಲಿನ ಕಚೇರಿಯವರು ಗಡಿಯ ಎಲ್ಲ ಊರಿಗೂ ಇದನ್ನೇ ಮಾಡುವ ಅಂತ ಕಾಗದ ಬರೆದಿದ್ದಾರೆ. ಈಗ ಮಿನುಗುದೇ ಇಲ್ಲ ಅಂತ ಆದರೆ, ನಾನು ಮಿನುಗ್ತದೆ ಅಂತ ಬರೆದದ್ದು ಎಂಥ? ಮಂಜೂರಾತಿ ಇಲ್ಲದೆ ಇನ್ನೂರ ಹನ್ನೆರಡು ಮನೆಯನ್ನು ನಿಲ್ಲಿಸಲಿಕ್ಕೆ ನೀವು ಯಾರು? ಮೊದಲಿದ್ದ ಹಾಗೆ ಮಾಡಿ.”

ಜಯಪ್ರಕಾಶ್ ನನ್ನ ಮುಖ ನೋಡಿದರು, ನಾನು ಫ್ಯಾನು ನೋಡಿದೆ. ಅವರು ಪುನಃ ಐದು ಒತ್ತಿದರು. ಹೆಸರು ಪುನಃ ಕುಣಿಯಲಿಕ್ಕೆ ಶುರು. ಇಂಥ ಅಚಾತುರ್ಯ ಇನ್ನೊಮ್ಮೆ ಆಗಬಾರದೆಂದು ಗೌಡರು ಕೀಲಿಮಣೆಯಿಂದ ಎಸ್ಕೇಪ್ ಕೀಲಿಯನ್ನು ಕೀಳಿಸಿ, ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿಸಿ, ಕಬ್ಬಿಣದ ಕಪಾಟಿನಲ್ಲಿ ಇಡಿಸಿದರು. ಪಂಚನಾಮೆ ಬರೆದವನು ನಾನೇ. ಆ ದಿನ ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಅದನ್ನು ಪಂಚನಾಮೆಯಲ್ಲಿ ನಮೂದಿಸಿಲ್ಲ.

ಆಗಸ್ಟ್ ಹನ್ನೊಂದಕ್ಕೆ ರುಕಿಯಾ ಪುನಃ ಬಂದರು. ಈ ಸಲ ಕೂರಲಿಲ್ಲ. ಮೇಜಿನ ಎದುರು ನಿಂತು, ಜನರೆಲ್ಲ ಕೇಳುವ ಹಾಗೆ ಹೇಳಿದರು:

“ಎಂಥ ಸಾರ್ ನೀವು? ನಾನು ಕಾಣದೆ ಇರುವಾಗ ಎಲ್ಲಿರ್ತೇನೆ ಅಂತಲ್ವಾ ನಿಮ್ಮ ಪ್ರಶ್ನೆ? ಹೇಳ್ತೇನೆ, ಬರೆದುಕೊಳ್ಳಿ. ನನ್ನ ಮಗಳ ಹತ್ತಿರ ಇರ್ತೇನೆ! ಶಾರ್ಜಾದಲ್ಲಿ! ದೇಹ ಇಲ್ಲಿ ಉಂಟು, ಜೀವ ಎರಡು ತಿಂಗಳಿಂದ ಅಲ್ಲೇ ಉಂಟು. ಬೇಕಾದರೆ ಹೆಬ್ಬೆಟ್ಟು ಒತ್ತಿ ಕೊಡ್ತೇನೆ!”

ಬೈಗುಳ ಬಿತ್ತು, ಇನ್ನು ಪೊಲೀಸರನ್ನು ಕರೆಯುತ್ತಾರೆ ಎಂದು ನಾನು ಹೆದರಿದೆ. ಗೌಡರ ಮುಖ ಮಾತ್ರ ಅರಳಿತು.

“ಇದನ್ನು ಮೊದಲೇ ಹೇಳಬಾರದಿತ್ತಾ ಅಮ್ಮ?” ಎಂದರು. “ಇಷ್ಟೇ ಬೇಕಾಗಿದ್ದದ್ದು. ಶೇಖರ, ಸ್ಟಾಂಪ್ ಪ್ಯಾಡ್ ತಾ.”

ಅರ್ಧ ಗಂಟೆಯಲ್ಲಿ ಸರ್ಟಿಫಿಕೇಟು ತಯಾರಾಯಿತು. ‘ಸದರಿ ರುಕಿಯಾ ಇವರು ಕಾಣುವ ಅವಧಿಯಲ್ಲಿ ಕನ್ಯಾನ ಗ್ರಾಮದ ಕಾಯಂ ನಿವಾಸಿಯಾಗಿದ್ದು, ಕಾಣದ ಅವಧಿಯಲ್ಲಿ ಶಾರ್ಜಾದ ಮಗಳ ಮನೆಯಲ್ಲಿರುತ್ತಾರೆ. ಇವರ ಹೆಸರನ್ನು ಪರದೆಯಲ್ಲಿ ಖುದ್ದು ಕಾಣುತ್ತಾ ಹಾಗೂ ಕಾಣದೆ ಸಹಿ ಮಾಡಿರುತ್ತೇನೆ.’ ಕೊನೆಯ ಸಾಲಿನ ಈ ತಿದ್ದುಪಡಿಯಿಂದಾಗಿ ಗೌಡರು ಪೆನ್ನು ಎತ್ತದೆ, ಎರಡು ಗೆರೆ ಎರಡು ಚುಕ್ಕೆ ಸಮೇತ, ಒಂದೇ ಉಸಿರಿಗೆ ಸಹಿ ಮಾಡಿದರು. ಪಾಸ್‌ಪೋರ್ಟಿನವರು ಸೀಲು ನೋಡಿದರು, ಒಕ್ಕಣೆ ಓದುವ ಗೋಜಿಗೆ ಹೋಗಲಿಲ್ಲ.

ರುಕಿಯಾ ಅಕ್ಟೋಬರ್ ಒಂದಕ್ಕೆ ಶಾರ್ಜಾ ಮುಟ್ಟಿದರು. ಮಗು ಹುಟ್ಟಿದ್ದು ಸೆಪ್ಟೆಂಬರ್ ಇಪ್ಪತ್ತಕ್ಕೆ. ನಮ್ಮ ಕಚೇರಿಯ ವಾರ್ಷಿಕ ವರದಿಯಲ್ಲಿ ‘ವಿಳಂಬ: ಹನ್ನೊಂದು ದಿನ ಮಾತ್ರ’ ಎಂದು ತೋರಿಸಿ, ಮೇಲಿನವರಿಂದ ಶ್ಲಾಘನಾ ಪತ್ರ ಪಡೆದಿದ್ದೇವೆ. ದಾಖಲೆಯ ಪ್ರಕಾರ ನೋಡಿದರೆ ಆ ಹನ್ನೊಂದು ದಿನವೂ ಅವರು ಅರ್ಧ ಹೊತ್ತು ಮಗಳ ಹತ್ತಿರವೇ ಇದ್ದರು. ಶಹನಾಝಿಗೆ ಮಾತ್ರ ಅದು ಗೊತ್ತಾಗಲಿಲ್ಲವಂತೆ. ಹೆರಿಗೆಯ ಹೊತ್ತಿಗೆ ಉಮ್ಮಾ ಉಮ್ಮಾ ಎಂದು ಆಸ್ಪತ್ರೆ ಹಾರಿಹೋಗುವ ಹಾಗೆ ಕರೆದಳಂತೆ.

ಸುದ್ದಿ ಕನ್ಯಾನಕ್ಕೆ ಹೋದದ್ದೇ ತಡ, ಉಳಿದವರೂ ಸಾಲು ನಿಂತರು. ಝಕರಿಯಾ ಎಂಬವರು ಕಾಣದಿರುವಾಗ ದಮ್ಮಾಮಿನಲ್ಲಿ ಅಣ್ಣನ ರೂಮಿನಲ್ಲಿರುತ್ತೇನೆ ಎಂದು ಬರೆದುಕೊಟ್ಟರು. ಪ್ರೇಮಾವತಿ ಎಂಬವರು ಲಾಯಿಲದ ತವರು ಮನೆಯಲ್ಲಿರುತ್ತೇನೆ ಎಂದು ಬರೆದುಕೊಟ್ಟರು. ಹನ್ನೆರಡು ವರ್ಷದಿಂದ ಅವರನ್ನು ತವರಿಗೆ ಕಳಿಸದಿದ್ದ ಅತ್ತೆ, ಸರ್ಕಾರಿ ಸೀಲು ನೋಡಿ ಬಾಯಿ ಮುಚ್ಚಿದರು. ಪಟ್ಟಿಯ ಮೊದಲಲ್ಲಿದ್ದು ಮಿನುಗದ ಮನೆಗಳವರು, ನಾವೇನು ಪಾಪ ಮಾಡಿದ್ದೇವೆ, ನಮ್ಮನ್ನೂ ಮಿನುಗಿಸಿ ಎಂದು ಮನವಿ ಕೊಟ್ಟರು. ಎಸ್ಕೇಪ್ ಕೀಲಿ ಕಪಾಟಿನಲ್ಲಿರುವ ಕಾರಣ ಅದು ಇನ್ನೂ ಪರಿಶೀಲನೆಯಲ್ಲಿದೆ.

ಡೊಂಬಯ್ಯನನ್ನು ಜಗಲಿಯಿಂದ ವಾಪಸು ಕರೆಸುವ ಆದೇಶ ಬರಲಿಲ್ಲ, ಹಾಗಾಗಿ ಅವನು ಬರಲಿಲ್ಲ. ಬೀಗ ಹಾಕಿದ ಮನೆಯ ಎದುರು ದಿನಾ ಕೂತ. ಮೆಮೋ ಸಿಕ್ಕಿದ ಮೇಲೆ ಅವನಿಗೆ ಬುದ್ಧಿ ಬಂದಿತ್ತು. ಮನೆಯ ಕಡೆ ನೋಡುವುದನ್ನೇ ಬಿಟ್ಟು, ಕಾಲು ಗಂಟೆಗೊಮ್ಮೆ ‘ಇದ್ದಾರೆ’, ಮುಂದಿನ ಕಾಲು ಗಂಟೆಗೆ ‘ಇಲ್ಲ’ ಎಂದು ಬರೆಯುತ್ತಿದ್ದ. ಪರದೆಗೂ ನೋಟುಬುಕ್ಕಿಗೂ ಅಲ್ಲಿಂದ ಮುಂದೆ ಒಂದು ವ್ಯತ್ಯಾಸವೂ ಬರಲಿಲ್ಲ.

ರುಕಿಯಾ ಊರಿಗೆ ಬಂದದ್ದು ಜನವರಿಯಲ್ಲಿ. ಆ ದಿನ ತಪಾಸಣೆಗೆಂದು ನಾನೂ ಅದೇ ಜಗಲಿಯಲ್ಲಿದ್ದೆ. ಜೀಪಿನಿಂದ ಇಳಿದು, ಎರಡು ಕೈಯಲ್ಲಿ ಎರಡು ಬ್ಯಾಗು ಹಿಡಿದುಕೊಂಡು, ಮೆಟ್ಟಿಲ ಹತ್ತಿರ ಬರುವಾಗಲೇ ಅವರ ಮುಖವೆಲ್ಲ ನಗೆ.

“ಡೊಂಬಯ್ಯಣ್ಣ, ಗಂಡು ಮಗು! ಫೋಟೋ ತಂದಿದ್ದೇನೆ, ನೋಡಿ!”

ಡೊಂಬಯ್ಯ ಗಡಬಡಿಸಿ ಎದ್ದ. ಅವನಿಗೂ ನಗೆ ಬಂತು. ಮತ್ತೆ ಕೈಯಲ್ಲಿದ್ದ ನೋಟುಬುಕ್ಕು ನೋಡಿ, ನನ್ನನ್ನು ನೋಡಿ, ಪುನಃ ಅವರನ್ನು ನೋಡಿದ.

“ಸ್ವಲ್ಪ ನಿಲ್ಲಿ ರುಕಿಯಾಕ್ಕ,” ಎಂದ. “ಈಗ ನೀವು ಇಲ್ಲ.”

“ಎಷ್ಟೊತ್ತಿಗೆ ಬರ್ತೇನೆ?”

“ಇನ್ನು ಹತ್ತು ನಿಮಿಷ ಉಂಟು.”

ರುಕಿಯಾ ನನ್ನ ಮುಖ ನೋಡಿದರು. ನಾನು ಗಡಿಯಾರ ನೋಡಿ, ಹೌದು, ಹತ್ತು ನಿಮಿಷ ಎಂದೆ. ಅವರು ಬ್ಯಾಗು ಎರಡನ್ನೂ ಕೆಳಗಿಟ್ಟು, ತನ್ನ ಮನೆಯ ಮೆಟ್ಟಿಲಿನ ಮೇಲೆ ಕೂತು, ಮಗುವಿನ ಫೋಟೋವನ್ನು ಮಡಿಲಲ್ಲಿಟ್ಟುಕೊಂಡು ಒಬ್ಬರೇ ನೋಡಿದರು. ಹತ್ತು ನಿಮಿಷ ಆದ ಮೇಲೆ ಡೊಂಬಯ್ಯ ‘ಇದ್ದಾರೆ’ ಎಂದು ಬರೆದ. ಅವರು ಎದ್ದು ಬೀಗ ತೆಗೆದು, ನಮಗೆ ಚಾಯ ಮಾಡಲಿಕ್ಕೆ ಒಳಗೆ ಹೋದರು.