ಗಾಜಿನ ಮೇಲೆ ಬೀರಲಿಂಗ

ಗೆಳೆಯ ಬೀರಲಿಂಗ ತೀರಿಕೊಂಡು ವರ್ಷವಾಯಿತು. ಅವನ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಸಾಯಲಿ, ಎಲ್ಲರೂ ಸಾಯುವವರೇ. ಆದರೆ ಸಿಂಧನೂರಿನ ನಮ್ಮ ಮನೆಯ ಕಂಪ್ಯೂಟರಿನ ವಿಂಡೋಸ್ ತೆಗೆದು ಲಿನಕ್ಸ್ ಹಾಕಿ, ಅದರ ಮರ್ಮವನ್ನೆಲ್ಲ ತನ್ನೊಬ್ಬನ ತಲೆಯಲ್ಲೇ ಇಟ್ಟುಕೊಂಡು ಹೊರಟುಬಿಡುವುದು ಯಾವ ನ್ಯಾಯ? "ಪುಕ್ಕಟೆ ಐತಿ, ವೈರಸ್ ಬರಂಗಿಲ್ಲ, ಏನರ ಆದ್ರ ನಾ ಅದೀನಲ್ಲೋ" ಎಂದಿದ್ದ. ವೈರಸ್ ಬರಲಿಲ್ಲ. ಅವನೂ ಇಲ್ಲ.

ಮಸ್ಕಿಯಲ್ಲಿ ಅವನ ವರ್ಷದ ಪುಣ್ಯಸ್ಮರಣೆ ಇಟ್ಟುಕೊಂಡಿದ್ದರು. ಅವನ ಹೆಂಡತಿ ಮಹೇಶ್ವರಿ ಒಂದು ಫೋಟೋ ತಂದುಕೊಟ್ಟಳು. ಕಾಯಿಲೆಗೆ ಮುಂಚಿನದು, ಬಾಯ್ತುಂಬ ನಗುತ್ತಿರುವುದು. ಅಂಥದು ಇರುವುದು ಅದೊಂದೇ.

"ಅಣ್ಣಾ, ಇದನ್ನ ಬ್ಯಾನರಿಗೆ ಹಾಕಸ್ರಿ. ಅಂಗಡಿಯವ್ರ ಕೈಯಾಗ ಮಾತ್ರ ಕೊಡಬ್ಯಾಡ್ರಿ. ಕಳದ್ರ ಆ ನಗಿ ನನಗ ಮತ್ತ ಸಿಗಂಗಿಲ್ಲ."

ಲಿಂಗಸುಗೂರಿನ ಬ್ಯಾನರ್ ಅಂಗಡಿಯವನು, "ಸಂಜಿ ಒಳಗ ಸ್ಕ್ಯಾನ್ ಮಾಡಿ ಕಳಸ್ರಿ ಸರ್" ಎಂದ. ಮೊಬೈಲಿನಲ್ಲಿ ತೆಗೆದು ನೋಡಿದೆ. ನಮ್ಮ ಟ್ಯೂಬ್‌ಲೈಟು ಬೀರಲಿಂಗನ ಹಣೆಯ ಮೇಲೆ ವಿಭೂತಿಯ ಹಾಗೆ ಕೂತಿತ್ತು. ಅಂಗಳದಲ್ಲಿ ತೆಗೆದರೆ ಅವನ ಮುಖದ ಮೇಲೆ ನನ್ನ ತಲೆಯ ನೆರಳು.

ಕೊನೆಗೆ ಅಟ್ಟದ ಮೇಲಿದ್ದ ಸ್ಕ್ಯಾನರನ್ನು ಇಳಿಸಿ, ಧೂಳು ಕೊಡವಿ, ವೈರು ಚುಚ್ಚಿ ಮಹಾಯಾಗಕ್ಕೆ ಕೂತೆ. ಯಾವ ಸ್ಕ್ಯಾನರೂ ಕಂಡುಬಂದಿಲ್ಲ ಎಂದಿತು ಲಿನಕ್ಸ್. (ತಟ್ಟೆಯಂಥ ಅಷ್ಟಗಲದ ಡಬ್ಬಿ ಅದರ ಮೂಗಿನ ಕೆಳಗೇ ಇತ್ತು.) ಇಂಟರ್ನೆಟ್ಟಿನ ಪುಣ್ಯಾತ್ಮರು ಹೇಳಿದ ಮಂತ್ರಗಳನ್ನೆಲ್ಲ ಟೈಪು ಮಾಡಿದೆ. ಸ್ಕ್ಯಾನರ್ ಇದೆಯಂತೆ, ಅದನ್ನು ಮುಟ್ಟುವ ಅಧಿಕಾರ ನನಗಿಲ್ಲವಂತೆ.

"ನನ್ನ ಮನಿ, ನನ್ನ ಮೇಜು, ನನ್ನ ಕರೆಂಟು. ನನಗ ಅಧಿಕಾರ ಇಲ್ಲಂತ ಇದಕ್ಕ ಹೇಳಿದವ್ರು ಯಾರು?"

"ನಾ ಅಂತೂ ಹೇಳಿಲ್ಲ. ತಾನಽ ತಿಳ್ಕೊಂಡೈತಿ" ಎಂದಳು ರೇಣುಕಾ (ನನ್ನ ಧರ್ಮಪತ್ನಿ), ಹುಣಸೆಹಣ್ಣಿನ ಬೀಜ ಬಿಡಿಸುತ್ತ.

ಪಾಸ್‌ವರ್ಡ್ ಕೊಟ್ಟು ನನ್ನನ್ನು ನಾನೇ ಅಧಿಕಾರಿಯನ್ನಾಗಿ ನೇಮಿಸಿಕೊಂಡೆ. ಸ್ಕ್ಯಾನರ್ ನರಳಿತು, ಗಾಜಿನಡಿ ದೀಪ ಸರಿದಾಡಿತು. ಪರದೆಯ ಮೇಲೆ ಬಂದದ್ದು ಬಿಳೀ ಹಾಳೆ, ನಡುವೆ ಅಳಿಸಿದಂಥ ನೇರಳೆ ಮೊಹರು. ಮತ್ತೆ ಮಾಡಿದೆ. ಅದೇ ಮೊಹರು. ಪುಕ್ಕಟೆ ಸಾಫ್ಟ್‌ವೇರಿನವರು ಮೊಹರು ಒತ್ತಿ ಮರ್ಯಾದೆ ಕಳೆಯುತ್ತಿದ್ದಾರೆಂದು, ಡ್ರೈವರ್ ಕಿತ್ತು ಬೇರೆಯದು ಹಾಕಿದೆ. ಮೊಹರು ಕದಲಲಿಲ್ಲ.

"ಬೀರ್ಯಾ, ಸತ್ತ ಮ್ಯಾಲೂ ಕಾಡ್ತಿಯಲ್ಲಲೇ" ಎಂದು ಬೈದೆ. ಅದು ಬೈಗುಳದ ಹಾಗೆ ಕೇಳಿಸಲಿಲ್ಲ.

ರೇಣುಕಾ ಕೈ ಒರೆಸಿಕೊಂಡು ಬಂದು ಮುಚ್ಚಳ ಎತ್ತಿದಳು. ಗಾಜಿನ ಮೇಲೆ ಬೀರಲಿಂಗ ಅಂಗಾತ ಮಲಗಿ ನಮ್ಮನ್ನು ನೋಡಿ ನಗುತ್ತಿದ್ದ.

"ಏನ್ರೀ, ಮಾರಿ ಮ್ಯಾಲ ಮಾಡಿ ಇಟ್ಟೀರಿ. ಫೋಟೋದ ಹಿಂದಿನ ಸ್ಟುಡಿಯೋ ಮೊಹರು ಬರಾಕತ್ತೈತಿ ಅದು."

ಬೋರಲು ಇಡಬೇಕೆಂದು ನನಗೆ ಗೊತ್ತಿಲ್ಲದೆ ಇಲ್ಲ. ಆಧಾರ್ ಕಾರ್ಡನ್ನು ಎಷ್ಟು ಸಲ ಬೋರಲು ಹಾಕಿಲ್ಲ? ಈ ಸಲ ಕೈ ತಾನಾಗಿಯೇ ಅಂಗಾತ ಇಟ್ಟಿತ್ತು.

"ಹೋದವನ ಮಾರಿ ಬೋರಲ ಹಾಕಾಕ ಕೈ ಹೆಂಗ ಬರ್ತೈತಿ?" ಎಂದೆ.

ಆಕೆ ಫೋಟೋ ಎತ್ತಿ ನನ್ನ ಕೈಗೆ ಕೊಟ್ಟಳು. "ಅಂವ ಸಿಟ್ಟಾಗವನಲ್ಲ. ಇಡ್ರಿ."

ಇಟ್ಟೆ. ಮೇಲೆ ಮುಚ್ಚಳ ಹಾಕಲು ಮಾತ್ರ ಮನಸ್ಸು ಬರಲಿಲ್ಲ. ಫೋಟೋದ ಬೆನ್ನಿಗೆ ಅಂಗೈ ಒತ್ತಿ ಹಿಡಿದೆ. ಹಣೆ, ಮೂಗು, ಆ ನಗು ಒಂದೊಂದಾಗಿ ಪರದೆಯ ಮೇಲೆ ಇಳಿದವು. ನನ್ನ ಕನ್ನಡಕ ಮಂಜಾಗಿತ್ತು. ಬಂದದ್ದನ್ನು ಹಾಗೆಯೇ ಲಿಂಗಸುಗೂರಿಗೆ ಕಳಿಸಿಬಿಟ್ಟೆ.

ಮಸ್ಕಿಗೆ ಹೋಗಿ ಮೊದಲು ಫೋಟೋವನ್ನು ಮಹೇಶ್ವರಿಯ ಕೈಗೆ ಒಪ್ಪಿಸಿ, ಆಮೇಲೆ ತಲೆ ಎತ್ತಿದೆ. ಆಳೆತ್ತರದ ಬ್ಯಾನರಿನಲ್ಲಿ ಬೀರಲಿಂಗ ನಗುತ್ತಿದ್ದ. ಅವನ ಒಂದು ಕಿವಿಯ ಪಕ್ಕದಿಂದ ಬಾಳೆಕಾಯಿ ಗಾತ್ರದ ನಾಲ್ಕು ಬೆರಳು ಚಾಚಿದ್ದವು. ಇನ್ನೊಂದು ಕಿವಿಯ ಪಕ್ಕ ಒಂದು ಹೆಬ್ಬೆರಳು. ಅಂಗಡಿಯವನಿಗೆ ಫೋನು ಹಚ್ಚಿ ಕೂಗಾಡಿದರೆ, "ಡಿಸೈನ್ ಅಂದ್ಕೊಂಡ್ನಿ ಸರ್, ಭಾಳ ಚಲೋ ಕಾಣ್ತಿತ್ತು" ಎಂದ.

ಮಹೇಶ್ವರಿ ಬಹಳ ಹೊತ್ತು ನೋಡಿದಳು.

"ಅಣ್ಣಾ, ಇವ್ರನ್ನ ಹಿಂಗ ಹಿಡ್ಕೊಂಡವ್ರು ಯಾರು?"

ನಾನು ಕೈಯನ್ನು ಜೇಬಿಗೆ ಸೇರಿಸಿದೆ.

"ಗುರ್ತ ಸಿಗಲಿಲ್ಲೇನವ್ವಾ? ಬೆರಳ ದಾಟಿ ಬೆಳದ ಆ ಉಗುರು ನೋಡು" ಎಂದಳು ರೇಣುಕಾ. ಮಹೇಶ್ವರಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜ ಕುಲುಕಿದ್ದು ನಗುವಿಗೆ. ರೇಣುಕಾ ನನ್ನತ್ತ ತಿರುಗಿದಳು.

"ಉಗುರು ತಕ್ಕೋರಿ ಅಂತ ಎಷ್ಟು ಸಲ ಹೇಳಿದ್ರೂ ಕೇಳಲಿಲ್ಲ. ಈಗ ಮಸ್ಕಿ ಮಂದಿಯೆಲ್ಲ ನೋಡ್ಯಾರ. ಇನ್ನರ ತಕ್ಕೋತೀರೇನು?"