ಬಿಯರ್ ಫ್ರಿಜ್ಜಿನ ಆಫೀಸು

ಕೆಲಸ ಇರುವವನಿಗೆ ತೊಂದರೆ ಒಂದೇ, ಅದು ಕೆಲಸ. ಕೆಲಸ ಹೋದವನ ಮನೆಗೆ ಮಾತ್ರ ವಾರಕ್ಕೊಂದು ತಮಾಷೆ ವಿಳಾಸ ಹುಡುಕಿಕೊಂಡು ಬರುತ್ತೆ. ನಗೋರು ಬೇರೆಯವರು, ಅಷ್ಟೇ ವ್ಯತ್ಯಾಸ.

ಎರಡು ಸಾವಿರದ ಎರಡನೇ ಇಸವಿ. ಅಮೆರಿಕದ ರೆಂಟನ್ ಹತ್ತಿರ ವಿಮಾನದ ಬಿಡಿಭಾಗ ಮಾಡೋ ಒಂದು ಸಣ್ಣ ಕಂಪನಿಯಲ್ಲಿ ನಾನು ಏಳು ವರ್ಷದಿಂದ ಕ್ವಾಲಿಟಿ ಇಂಜಿನಿಯರ್. ಪೈಪು ಪೈಪು ಸೇರೋ ಕಡೆ ಕೂರೋ ರಬ್ಬರ್ ವಾಷರ್‌ಗಳನ್ನ ನೋಡಿ ಪಾಸು, ಫೇಲು ಅನ್ನೋದು ನನ್ನ ಕೆಲಸ. ಹಿಂದಿನ ಸೆಪ್ಟೆಂಬರಿನ ದಾಳಿಯ ಹೆದರಿಕೆಗೆ ಆ ವರ್ಷ ವಿಮಾನ ಹತ್ತೋರೇ ಕಡಿಮೆಯಾದರು. ವಿಮಾನ ಬೇಡವಾಯ್ತು, ವಾಷರ್ ಬೇಡವಾಯ್ತು, ಜೂನ್ ತಿಂಗಳ ಒಂದು ಶುಕ್ರವಾರ ನಾನೂ ಬೇಡವಾದೆ. ಏಳು ವರ್ಷ ದುಡಿದದ್ದಕ್ಕೆ ಒಂದು ರಟ್ಟಿನ ಪೆಟ್ಟಿಗೆ ಕೊಟ್ಟು, ನಿನ್ನ ಸಾಮಾನು ತುಂಬಿಕೋ ಅಂದರು.

ಕೆಲಸ ಹೋಗಿದ್ದಕ್ಕಿಂತ ದೊಡ್ಡ ಪೇಚು ಇನ್ನೊಂದಿತ್ತು. ಹೆಂಡತಿ ಬಸುರಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು, ಮಗಳನ್ನ ಹುಬ್ಬಳ್ಳಿಗೆ ಕಳಿಸಿ ಅಂತ ಮಾವ ಹಟ ಹಿಡಿದಿದ್ದರು. ನಾನು ಮೇ ತಿಂಗಳಲ್ಲಿ ಫೋನಿನಲ್ಲಿ ಎದೆಯುಬ್ಬಿಸಿ, "ನನ್ನ ಕೆಲಸ ಬಂಡೆ ಇದ್ದ ಹಾಗಿದೆ ಮಾವ, ಹೆರಿಗೆ ಇಲ್ಲೇ ಆಗಲಿ, ನೀವೇ ಬನ್ನಿ" ಅಂದುಬಿಟ್ಟಿದ್ದೆ. ಅವರು ಒಪ್ಪಿ ಟಿಕೆಟ್ ಮಾಡಿಸಿದರು. ಬಂಡೆ ಉರುಳಿತು.

"ಅಪ್ಪಗ ಗೊತ್ತಾದ್ರ ನನ್ನ ಕರಕೊಂಡು ಹೊಂಟ ಬಿಡ್ತಾನ" ಅಂದಳು ಹೆಂಡತಿ. ಏಳು ತಿಂಗಳು ತುಂಬಿದ ಮೇಲೆ ಅಷ್ಟು ದೂರದ ವಿಮಾನ ಬೇಡ ಅಂತ ಡಾಕ್ಟರು ಹೇಳಿದ್ದರು. ಆಗಸ್ಟಿನಲ್ಲಿ ಅತ್ತೆ ಮಾವ ಬಂದಿಳಿದಾಗ ಅವಳಿಗೆ ಐದು ತಿಂಗಳು. ಅಕ್ಟೋಬರ್ ಮುಗಿಯೋವರೆಗೆ ನಾನು ಕೆಲಸ ಇರೋನ ಥರ ಬದುಕಬೇಕಿತ್ತು. ನನ್ನ ಮಗು ಹುಟ್ಟೋವಾಗ ನಾನು ಪಕ್ಕದಲ್ಲಿರಬೇಕು. ಆಸೆ ಅಷ್ಟೇ, ಇನ್ನೇನೂ ಇಲ್ಲ.

೧. ರಜೆ

ದಿನಾ ಬೆಳಿಗ್ಗೆ ಎಂಟಕ್ಕೆ ಶರ್ಟು ಒಳಗೆ ಸಿಕ್ಕಿಸಿ, ಕುತ್ತಿಗೆಗೆ ಹಳೇ ಬ್ಯಾಡ್ಜು ಹಾಕಿಕೊಂಡು ಹೊರಡುತ್ತಿದ್ದೆ. ಅತ್ತೆ ಜೋಳದ ರೊಟ್ಟಿ, ಎಣ್ಣೆಗಾಯಿ ಕಟ್ಟಿದ ಡಬ್ಬಿ ಕೊಡೋರು. ಕಾರನ್ನ ದಿನಸಿ ಅಂಗಡಿಯ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ, ಬಳಸುದಾರಿಯಲ್ಲಿ ನಡೆದು ನಮ್ಮ ಹಿಂದಿನ ಬೀದಿಯ ಮುದುಕನ ಗ್ಯಾರೇಜು ಸೇರುತ್ತಿದ್ದೆ. ಅವನು ವಿಮಾನದ ಮೆಕ್ಯಾನಿಕ್ ಆಗಿ ರಿಟೈರ್ ಆದವನು, ಒಂಟಿ. ಮನೆಯಲ್ಲೇ ಬಿಯರ್ ಕುದಿಸಿ ಬಾಟಲಿಗೆ ತುಂಬೋದು ಅವನ ಹವ್ಯಾಸ. ಬಾಟಲಿ ತೊಳೆದು ತೊಳೆದು ಸಾಕಾಗಿದೆ, ಒಂದು ಹಳೇ ಫ್ರಿಜ್ಜಿನೊಳಗೆ ಬಿಯರ್ ಕ್ಯಾನು, ಗ್ಯಾಸ್ ಸಿಲಿಂಡರ್ ಇಟ್ಟು ಹೊರಗೆ ನಲ್ಲಿ ಕೂರಿಸೋಣ ಅಂದ. ಬಾರುಗಳಲ್ಲಿ ಇರುತ್ತಲ್ಲ, ಹಿಡಿ ಎಳೆದರೆ ತಣ್ಣಗೆ ಬೀಳೋದು, ಅದು. ಅದೇ ನನ್ನ ಆಫೀಸಾಯ್ತು.

ಸೆಪ್ಟೆಂಬರ್ ಮೊದಲ ಸೋಮವಾರ ಎಂದಿನಂತೆ ಬೂಟು ಕಟ್ಟುತ್ತಿದ್ದೆ. ಹೆಂಡತಿ ನೈಟಿಯಲ್ಲೇ ಕಾಫಿ ಕುಡಿಯುತ್ತಾ ಕೂತಿದ್ದಳು. ಅವಳು ಓವರ್‌ಲೇಕ್‌ನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಹೋಗೋಳು, ನನಗಿಂತ ಮೊದಲೇ ಹೊರಡಬೇಕು.

"ನೀನ್ಯಾಕೆ ಇನ್ನೂ ರೆಡಿ ಆಗಿಲ್ಲ?" ಅಂದೆ.

ಕಣ್ಣಲ್ಲೇ ತಿವಿದಳು. "ಇವತ್ತು ದೇಶಕ್ಕೆಲ್ಲಾ ರಜಾ ರೀ. ಇಲ್ಲಿಯ ಕಾರ್ಮಿಕರ ದಿನ."

ಮಾವ ಪೇಪರಿನಿಂದ ತಲೆ ಎತ್ತಿದರು. ನನ್ನ ಬೂಟು ನೋಡಿದರು, ಬ್ಯಾಡ್ಜು ನೋಡಿದರು. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿ ಸೇರಿ ಫೋರ್‌ಮನ್ ಆಗಿ ರಿಟೈರ್ ಆದವರು ಅವರು, ಜೀವಮಾನದಲ್ಲಿ ಯಾರನ್ನೂ ಹೊಗಳಿದವರಲ್ಲ. ಅವತ್ತು ಹೆಂಡತಿ ಕಡೆ ತಿರುಗಿ ಹೇಳಿದರು:

"ನೋಡು, ರಜಾ ದಿನಾನೂ ಹೊಂಟಾರ. ಇಂಥಾವರನ್ನ ಯಾವ ಕಂಪನಿ ಬಿಟ್ಟೀತು?"

ಇಡೀ ಅಮೆರಿಕದಲ್ಲಿ ಅವತ್ತು ಕೆಲಸಕ್ಕೆ ಹೊರಟವನು ಕೆಲಸ ಇಲ್ಲದ ನಾನೊಬ್ಬನೇ.

೨. ತೂತು

ಫ್ರಿಜ್ಜು ಸಿಕ್ಕಿದ್ದು ಬೀದಿ ಬದಿಯಲ್ಲಿ. ಬೇಕಾದವರು ಒಯ್ಯಿರಿ ಅಂತ ಚೀಟಿ ಅಂಟಿಸಿ ಯಾರೋ ಇಟ್ಟಿದ್ದರು. ಮುದುಕನ ಟ್ರಕ್ಕಿನಲ್ಲಿ ಹೇರಿಕೊಂಡು ಬಂದೆವು. ಪ್ಲಗ್ ಹಾಕಿದರೆ ಗುಂಯ್ ಅಂತ ಓಡಿತು. ನನಗಾದ ಸಂತೋಷಕ್ಕೆ ಪಾರವಿಲ್ಲ. ನನ್ನ ಹಾಗೇ ಬೀದಿಗೆ ಬಿದ್ದಿದ್ದು, ಆದರೂ ಕೆಲಸ ಮಾಡುತ್ತೆ.

ನಲ್ಲಿ ಕೂರಿಸೋಕೆ ತೂತು ಕೊರೆಯಬೇಕು. ಮುದುಕ ಹೇಳಿದ, "ಎಲ್ಲಿ ಕೊರೀಬೇಕು ಅಂತ ಸ್ವಲ್ಪ ಯೋಚನೆ ಮಾಡು. ಫ್ರಿಜ್ಜಿನ ಗೋಡೆಯೊಳಗೆ ತಣ್ಣಗೆ ಮಾಡೋ ಗ್ಯಾಸಿನ ಕೊಳವೆ ಓಡಾಡಿರುತ್ತೆ."

"ನಾನು ಇಂಜಿನಿಯರ್" ಅಂದೆ. ಆ ಮಾತು ಹೇಳಿ ಮೂರು ತಿಂಗಳಾಗಿತ್ತು, ಬಾಯಿ ತುಂಬಾ ಹೇಳಿದೆ. ಪಕ್ಕದ ಗೋಡೆಗೆ ಅಳತೆ ಹಿಡಿದು, ಪೆನ್ಸಿಲ್ ಗುರುತು ಹಾಕಿ, ಡ್ರಿಲ್ ಒತ್ತಿದೆ. ಎರಡು ಅಂಗುಲ ಹೋಯ್ತೋ ಇಲ್ಲವೋ, ಬುಸ್ ಅಂತ ಗ್ಯಾಸ್ ಹೊರಟಿತು. ಬೆರಳಿಟ್ಟೆ, ನಿಲ್ಲಲಿಲ್ಲ. ಕಾಲು ಗಂಟೆಯಲ್ಲಿ ಫ್ರಿಜ್ಜು ಬರೀ ಕಪಾಟು ಆಯ್ತು.

ಎರಡನೇ ಫ್ರಿಜ್ಜು ಸಿಗೋಕೆ ಎರಡು ವಾರ ಬೇಕಾಯ್ತು. ಈ ಸಲ ಮುದುಕ ಡ್ರಿಲ್ಲನ್ನ ತಾನೇ ತಗೊಂಡು, ಮಾತಾಡದೆ ಮುಂದಿನ ಬಾಗಿಲಿಗೆ ತೂತು ಹೊಡೆದ. ಬಾಗಿಲಲ್ಲಿ ಕೊಳವೆಯೇ ಇರೋದಿಲ್ಲವಂತೆ. ಐದು ನಿಮಿಷದ ಕೆಲಸ.

ನನಗೆ ಮೈಯೆಲ್ಲಾ ಉರಿಯಿತು. "ಇದನ್ನ ಅವತ್ತೇ ಹೇಳೋಕೆ ಏನಾಗಿತ್ತು?"

"ಅವತ್ತು ಇಲ್ಲಿ ಇಂಜಿನಿಯರ್ ಇದ್ದ" ಅಂದ.

೩. ಮಾಲ್ಟು

ಬಿಯರ್ ಮಾಡೋದು ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನ ನೆನೆಹಾಕಿ, ಆ ನೀರನ್ನ ಗಂಟೆಗಟ್ಟಲೆ ಕುದಿಸೋದು. ಕುದಿಯೋವಾಗ ಥೇಟ್ ರಾಗಿ ಮಾಲ್ಟಿನ ಘಮ. ಅದು ಶರ್ಟಿಗೆ, ತಲೆಕೂದಲಿಗೆ ಹತ್ತಿ ಮನೆಯವರೆಗೂ ಬರುತ್ತಿತ್ತು. ಅತ್ತೆ ಒಂದು ಸಂಜೆ ನನ್ನ ಕೋಟು ತಗೊಂಡು ಮೂಸಿದರು.

"ನಿಮ್ಮ ಆಫೀಸಿನ ಕ್ಯಾಂಟೀನಿನಾಗ ಮಾಲ್ಟ್ ಕಾಸ್ತಾರೇನ್ರಿ?"

"ಹೂಂ ಅತ್ತೆ. ದಿನಾ."

"ಹಂಗಿದ್ರ ಒಂದೀಟು ಹುಡುಗಿಗೂ ತರ್ರಲ್ಲ. ಬಸುರಿ ಹೆಂಗಸಿಗೆ ಭಾಳ ಚೊಲೊ ಅದು. ಒಬ್ಬರ ಕುಡದು ಬರ್ತೀರಿ, ನಾಚಿಕಿ ಬರಂಗಿಲ್ಲೇನು?"

ಮಾರನೇ ದಿನ ಮುದುಕನ ಹತ್ತಿರ ಬೇಡಿ ಒಂದು ಬಾಟಲಿ ಮಾಲ್ಟಿನ ಪಾಕ ತಂದೆ. ಅದಕ್ಕಿನ್ನೂ ಹುದುಗಿಸೋ ಯೀಸ್ಟು ಬಿದ್ದಿರಲಿಲ್ಲ, ಬರೀ ಬಾರ್ಲಿ ಸಿಹಿ. ಅತ್ತೆ ದಿನಾ ಬಿಸಿಹಾಲಿಗೆ ಎರಡು ಚಮಚ ಬೆರೆಸಿ ಕೊಟ್ಟರು. ಹೆಂಡತಿ ಇಷ್ಟಪಟ್ಟು ಕುಡಿದಳು. ಊಟ ಸೇರದೆ ಒಣಗಿದ್ದವಳು ದುಂಡಗಾದಳು. ತೂಕ ನೋಡಿದ ಡಾಕ್ಟರು ಏನು ತಿನ್ನಿಸುತ್ತಿದ್ದೀರಿ, ಹಾಗೇ ಮುಂದುವರಿಸಿ ಅಂದರು.

ಕಾರಿನಲ್ಲಿ ಇಬ್ಬರೇ ಬರುವಾಗ ಹೆಂಡತಿ ಹೇಳಿದಳು, "ಏಳು ವರ್ಷ ಖರೇ ಆಫೀಸಿಗೆ ಹೋಗಿ ಒಂದು ಪೆನ್ನೂ ತಂದಿದ್ದಿಲ್ಲ ನೀವು."

೪. ಸಿಕ್ತಾ?

ಕೆಲಸ ಹೋದವನಿಗೆ ಹಿತೈಷಿಗಳು ಜಾಸ್ತಿ. ರೆಸ್ಯೂಮೆ ಕಳಿಸು, ನೋಡೋಣ ಅಂತಾರೆ. ಕಳಿಸಿದರೆ ನೋಡೋದಿಲ್ಲ. ಆಮೇಲೆ ಎಲ್ಲರೆದುರು ತೋಳು ಹಿಡಿದು ವಿಚಾರಿಸ್ತಾರೆ. ಅಂಥವನೊಬ್ಬ ಪಕ್ಕದ ಊರು ಬೆಲ್ವ್ಯೂನಲ್ಲಿದ್ದ, ಗಾಜಿನ ಕಟ್ಟಡದ ಹನ್ನೆರಡನೇ ಮಹಡಿಯಲ್ಲಿ ಅವನ ಆಫೀಸು. ಅದನ್ನ ಸಿಕ್ಕಿದವರಿಗೆಲ್ಲಾ ಹೇಳೋನು.

ಏಳನೇ ತಿಂಗಳಲ್ಲಿ ಮಗಳಿಗೆ ಕುಬಸ, ಅಂದರೆ ಸೀಮಂತ, ಮಾಡಬೇಕು ಅಂತ ಅತ್ತೆ ಪಟ್ಟು ಹಿಡಿದರು. ಹಸಿರು ಸೀರೆ, ಹಸಿರು ಬಳೆ, ಐದು ಥರದ ಅನ್ನ. ಪರಿಚಯದ ಕನ್ನಡದವರೆಲ್ಲಾ ಬಂದಿದ್ದರು. ಒಬ್ಬೊಬ್ಬರಿಗೂ ಬಾಯಿ ಬಿಡಬೇಡಿ ಅಂತ ಮೊದಲೇ ಫೋನ್ ಮಾಡಿದ್ದೆ. ಬೆಲ್ವ್ಯೂ ಮಹಾಶಯ ಫೋನ್ ಎತ್ತಿರಲಿಲ್ಲ. ಬಂದವನೇ ಮಾವನ ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಕೇಳಿದ:

"ಏನಪ್ಪಾ, ಏನಾದ್ರೂ ಸಿಕ್ತಾ?"

ಮಾವ ನನ್ನ ಮುಖ ನೋಡಿದರು. "ಏನ್ ಹುಡಕಾಕತ್ತೀರಿ?"

ಆ ಹೊತ್ತಿಗೆ ತಲೆಯಲ್ಲಿ ಇದ್ದದ್ದು ಒಂದೇ. "ಫ್ರಿಜ್ಜು ಮಾವ. ಒಂದು ಹಳೇ ಫ್ರಿಜ್ಜು."

ಬೆಲ್ವ್ಯೂನವನಿಗೆ ಕಣ್ಸನ್ನೆ ಮಾಡಿದೆ. ಅರ್ಥವಾಗುವ ಪ್ರಾಣಿ ಅಲ್ಲ ಅದು. "ಮತ್ತೆ ನಂಗೆ ರೆಸ್ಯೂಮೆ ಯಾಕೆ ಕಳಿಸಿದ್ದೆ?" ಅಂದ.

ಮಾವ ಈಗ ಪೂರ್ತಿ ನನ್ನ ಕಡೆ ತಿರುಗಿ ಕೂತರು. "ಫ್ರಿಜ್ ತಗೋಳಾಕ ರೆಸ್ಯೂಮೆ ಬೇಕೇನ್ರಿ ಇಲ್ಲೆ?"

"ಇಲ್ಲಿ ಎಲ್ಲಕ್ಕೂ ಕೇಳ್ತಾರೆ ಮಾವ. ಕಾಲ ಕೆಟ್ಟಿದೆ."

"ಸಿಕ್ತಿಲ್ಲೊ?"

"ಇಲ್ಲ ಮಾವ. ಅನುಭವ ಸಾಲದು ಅಂದ್ರು."

ಮಾವ ತಲೆ ಅಲ್ಲಾಡಿಸಿ ಕೋಸಂಬರಿ ಕಡೆ ಗಮನ ಕೊಟ್ಟರು. ನಾನು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ. ನಗು ಬರಲಿಲ್ಲ. ಆ ಮಾತನ್ನ ಅದೇ ವಾರ ಮೂರು ಕಂಪನಿಯವರು ನಿಜಕ್ಕೂ ಹೇಳಿದ್ದರು.

೫. ಮೊದಲ ಗ್ಲಾಸು

ಅಕ್ಟೋಬರ್ ಮುಗಿಯೋಕೆ ಹತ್ತು ದಿನ ಇತ್ತು. ಫ್ರಿಜ್ಜು ತಯಾರು, ಬಿಯರ್ ತಯಾರು. ಅದನ್ನ ತುಂಬಿದ್ದು ಸೋಡಾ ಕಂಪನಿಯವರು ಪಾಕ ಇಡೋಕೆ ಬಳಸುತ್ತಿದ್ದ ಹಳೇ ಉಕ್ಕಿನ ಕ್ಯಾನಿಗೆ. "ಮುಚ್ಚಳದ ರಬ್ಬರ್ ವಾಷರ್ ಬದಲಾಯಿಸು, ಹಳೇ ಸೋಡಾ ವಾಸನೆ ಹೀರಿಕೊಂಡಿರುತ್ತೆ" ಅಂತ ಮುದುಕ ಹೇಳಿದ್ದ. ನಾನು ವಾಷರ್ರನ್ನ ಬೆಳಕಿಗೆ ಹಿಡಿದು, ಎಳೆದು, ಬಗ್ಗಿಸಿ ನೋಡಿ, "ಏಳು ವರ್ಷ ಇದನ್ನೇ ಮಾಡಿದೀನಿ. ಇದು ಪಾಸು" ಅಂದಿದ್ದೆ.

ಶುಕ್ರವಾರ ಹನ್ನೊಂದು ಗಂಟೆಗೆ ಮೊದಲ ಗ್ಲಾಸು ಅಂತ ಮುಹೂರ್ತ ಆಯ್ತು. ಮುದುಕ ತನ್ನ ಇನ್ನೊಬ್ಬ ಗೆಳೆಯನನ್ನೂ ಕರೆದಿದ್ದ. ಶನಿವಾರ, ಭಾನುವಾರ ನನ್ನ 'ಆಫೀಸಿಗೆ' ರಜೆ, ಆ ದಿನಗಳಲ್ಲಿ ಅವನ ಬಾಟಲಿ ಬಿಯರಿಗೆ ಜೊತೆ ಕೊಡೋನು ಇವನಂತೆ. "ಅವನೂ ನಿಮ್ಮ ದೇಶದವನೇ. ವಯಸ್ಸಾದವನು, ಮಾತು ಕಡಿಮೆ, ಲೋಹದ ಕೆಲಸ ಚೆನ್ನಾಗಿ ಬಲ್ಲ" ಅಂದಿದ್ದ. ಯಾರೋ ಪಂಜಾಬಿ ಅಜ್ಜ ಇರಬೇಕು ಅಂದುಕೊಂಡಿದ್ದೆ.

ಹಿಡಿ ಎಳೆದು ಗ್ಲಾಸು ತುಂಬಿದೆ. ಗ್ಯಾರೇಜಿನ ಪಕ್ಕದ ಬಾಗಿಲು ತೆರೆಯಿತು. ಮಂಕಿ ಕ್ಯಾಪು, ಮಫ್ಲರು, ಬಿಳಿ ಬೂಟು. ಮಾವ.

ಸಿದ್ಧಾರೂಢ ಮಠದ ಮೆಟ್ಟಿಲ ಮೇಲೆ ಆಣೆ ಮಾಡಿ ಕುಡಿತ ಬಿಟ್ಟು ಹದಿನೈದು ವರ್ಷವಾಗಿದೆ ಅಂತ ಅತ್ತೆ ಕಂಡವರಿಗೆಲ್ಲಾ ಹೇಳುತ್ತಿದ್ದ ಮಾವ. ಶುಗರ್ ಐತಿ, ಎರಡು ತಾಸು ವಾಕಿಂಗ್ ಬೇಕು ಅಂತ ಹೊರಡುತ್ತಿದ್ದ ಮಾವ. ಅವರು ನನ್ನ ಬ್ಯಾಡ್ಜು ನೋಡಿದರು, ಬೆಂಚಿನ ಮೇಲೆ ತಮ್ಮ ಹೆಂಡತಿ ಕಟ್ಟಿಕೊಟ್ಟ ಡಬ್ಬಿ ನೋಡಿದರು.

"ಇದ ಏನ್ರಿ ನಿಮ್ಮ ಆಫೀಸು?"

"ಹೌದು ಮಾವ. ಇದೇನಾ ನಿಮ್ಮ ವಾಕಿಂಗು?"

"ಹೌದ್ರಿ."

ಮುದುಕ ಇಬ್ಬರ ಮುಖವನ್ನೂ ನೋಡಿ, "ಪರಿಚಯ ಇದೆಯಾ?" ಅಂದ.

ನನಗೆ ತಡೆಯೋಕಾಗಲಿಲ್ಲ. ಕೆಲಸ ಹೋಗಿ ನಾಲ್ಕು ತಿಂಗಳಾಗಿದ್ದು, ಎಲ್ಲೂ ಸಿಗದೇ ಇರೋದು, ಎಲ್ಲಾ ಹೇಳಿದೆ. "ಅವಳನ್ನ ಕರ್ಕೊಂಡು ಹೋಗಬೇಡಿ ಮಾವ. ಮಗು ಹುಟ್ಟೋವಾಗ ನಾನು ಇರಬೇಕು. ಅದಕ್ಕೇ ಇಷ್ಟು ನಾಟಕ." ನಾಚಿಕೆ ಆಯ್ತು, ಆದರೂ ಹೇಳಿದೆ.

ಮಾವ ನನ್ನ ಕೈಯಿಂದ ಗ್ಲಾಸು ತಗೊಂಡು ಒಂದು ಗುಟುಕು ಕುಡಿದರು. ಮುಖ ಕಿವುಚಿತು.

"ಮೊಣಕಾಲಿಗೆ ಹಚ್ಚೋ ಮುಲಾಮಿನ ವಾಸನಿ ಬರಾಕತ್ತೈತಿ."

ಇಲ್ಲಿಯ ಒಂದು ಜಾತಿಯ ಸೋಡಾಕ್ಕೆ ಥೇಟ್ ಅದೇ ವಾಸನೆ. ಮಾವ ಫ್ರಿಜ್ಜು ತೆರೆದರು. ಕ್ಯಾನಿನ ಗ್ಯಾಸ್ ಬಿಟ್ಟು, ಮುಚ್ಚಳ ಎತ್ತಿ, ವಾಷರ್ ಕಿತ್ತು ಮೂಸಿದರು.

"ಇದನ್ನ ಪಾಸ್ ಮಾಡಿದಾವ ಯಾವ?"

"ನಾನೇ ಮಾವ."

"ಕಂಪನ್ಯಾಗ ನಿಮಗ ಏನ್ ಕೆಲಸ ಇತ್ತು?"

"ವಾಷರ್ ಚೆಕ್ ಮಾಡೋದು."

ಮಾವ ವಾಷರ್ರನ್ನ ಬೆಳಕಿಗೆ ಹಿಡಿದು ನೋಡಿದರು. "ಯಾಕ ತಗದ್ರು ಅನ್ನೂದು ಈಗ ತಿಳೀತು ಬಿಡ್ರಿ."

ಗ್ಲಾಸು ಮಾತ್ರ ಕೆಳಗಿಡಲಿಲ್ಲ. ಪೂರ್ತಿ ಖಾಲಿ ಮಾಡಿ, ಹಿಂದಕ್ಕೆ ಚಾಚಿ, "ಹುಬ್ಬಳ್ಳಿಗೆ ಯಾರೂ ಹೋಗಂಗಿಲ್ಲ. ಹಾಕ್ರಿ ಇನ್ನೊಂದು" ಅಂದರು. ಇಬ್ಬರೂ ಮನೆಯಲ್ಲಿ ಬಾಯಿ ಬಿಡೋದಿಲ್ಲ ಅಂತ ಅಲ್ಲೇ ಮಾತಾಯ್ತು. ವಾಷರ್ ಎಲ್ಲಾ ನಾನೇ ಬಂದು ಬದಲಾಯಿಸ್ತೀನಿ, ಮನೇಲಿ ಏನು ಹೇಳಬೇಕು ಅನ್ನೋದು ನನಗೆ ಬಿಡಿ ಅಂದರು ಮಾವ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ನಾನು ಬೂಟು ಕಟ್ಟುತ್ತಿದ್ದೆ. ಪಕ್ಕದಲ್ಲಿ ಮಾವನೂ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿ ಬೂಟು ಕಟ್ಟುತ್ತಿದ್ದರು. ಅತ್ತೆ ಎರಡು ಡಬ್ಬಿ ಹಿಡಿದು ಬಂದರು. ಮುಖದಲ್ಲಿ ಹೆಮ್ಮೆ ತುಳುಕುತ್ತಿತ್ತು.

"ಇವರನ್ನೂ ನಿಮ್ಮ ಆಫೀಸಿಗೆ ಕರದಾರಂತಲ್ರಿ. ನನಗ್ಯಾಕ ಹೇಳಲಿಲ್ಲ?"

"ಏನು ಕೆಲಸ ಅಂದ್ರು ಅತ್ತೆ?"

"ಅದೇನೋ ಕ್ವಾಲಿಟಿ ನೋಡೂದಂತ. ಮೊದಲ ಇದ್ದಾಂವ ಏನೂ ಉಪಯೋಗ ಇದ್ದಿದ್ದಿಲ್ಲಂತ."