ಗೋಲಿಗೆ ನಿಂತ ಸಾವಕಾರರು

ಸೋಲಾಪುರದ ಚಾಟಿ ಗಲ್ಲಿಯ ಚಾದರ ವ್ಯಾಪಾರಿ ಸಾತಲಿಂಗಪ್ಪನವರ ಮನೆಯಲ್ಲಿ ‘ಸೋಲು’ ಎಂಬ ಶಬ್ದಕ್ಕೆ ಪ್ರವೇಶವಿರಲಿಲ್ಲ. (ಊರಿನ ಹೆಸರಿನಲ್ಲೇ ಅದು ಮೊದಲು ಬಂದು ಕೂತಿದ್ದರೆ ಅವರಾದರೂ ಏನು ಮಾಡಬೇಕು!) ಅವರು ಅಧ್ಯಕ್ಷರಾಗಿದ್ದ ವಿಜಯ ಹಾಕಿ ಮಂಡಳ ಎರಡು ವರ್ಷಗಳಿಂದ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ, ಸರಿಸಮ ಸಹ ಮಾಡಿಕೊಂಡಿರಲಿಲ್ಲ. ಯಾರಾದರೂ ಈ ಮಾತು ಎತ್ತಿದರೆ ಸಾತಲಿಂಗಪ್ಪನವರು ತಲೆಯ ಟೋಪಿ ಸರಿಮಾಡಿಕೊಂಡು ಹೇಳುತ್ತಿದ್ದರು:

“ನಾವು ಸೋಲಾಕತ್ತಿಲ್ರಿ. ತಂಡ ಹೊಸದಾಗಿ ಕಟ್ಟಾಕತ್ತೀವಿ.”

ಅದೇನು ಕೆಲಸವಿಲ್ಲದ ಹುಡುಗರ ತಂಡವಲ್ಲ. ಆಟಗಾರರಿಗೆಲ್ಲ ಅಂಗಡಿಯಲ್ಲಿ ಸಂಬಳ, ಮನೆಯ ಮಾಳಿಗೆಯ ಮೇಲೆ ವಾಸ, ಎರಡು ಹೊತ್ತು ಊಟ. ಸಂಬಳ ತೆಗೆದುಕೊಂಡು ಸೋಲುವ ತಂಡ ಇಡೀ ಜಿಲ್ಲೆಯಲ್ಲಿ ಅದೊಂದೇ. ಅಧ್ಯಕ್ಷರು ತಾವು ಜೀವನದಲ್ಲಿ ಕೋಲು ಹಿಡಿದದ್ದು ಒಮ್ಮೆ ಮಾತ್ರ, ಮನೆಗೆ ಹೊಕ್ಕ ಹಾವನ್ನು ಓಡಿಸಲು. ಅದೂ ಬಲು ದೂರದಿಂದ.

ಎಪ್ಪತ್ತೈದರಲ್ಲಿ ಭಾರತ ಕೌಲಾಲಂಪುರದಲ್ಲಿ ವಿಶ್ವಕಪ್ ಗೆದ್ದದ್ದೇ ತಡ, ಸಾತಲಿಂಗಪ್ಪನವರಿಗೆ ಕಷ್ಟಕಾಲ ಬಂತು. ರೇಡಿಯೊ ಕೇಳಿದವರೆಲ್ಲ ಹಾಕಿ ಪಂಡಿತರಾದರು. ಚಾದರ ಕೊಳ್ಳಲು ಬಂದವರೂ ಅಂಚಿನ ಬಣ್ಣ ಬಿಟ್ಟು ಸೆಂಟರ್ ಫಾರ್ವರ್ಡಿನ ವಿಷಯ ಕೇಳತೊಡಗಿದರು. ಆ ವಾರವೇ ವಿಜಯ ಮಂಡಳ ರೈಲ್ವೆ ಹುಡುಗರ ಕೈಯಲ್ಲಿ ಒಂಬತ್ತು ಗೋಲು ತಿಂದು ಬಂತು. ಮಂಡಳದ ಸೆಕ್ರೆಟರಿ ಕಲ್ಯಾಣಪ್ಪ ಮಾಸ್ತರರು, ನಿಯಮ ಬಿಟ್ಟು ನೀರು ಕುಡಿಯದ ಮನುಷ್ಯ, ಸಮಿತಿಯ ತೀರ್ಮಾನ ತಂದು ಮುಟ್ಟಿಸಿದರು: ಮುಂದಿನ ಪಂದ್ಯ ಸೋತರೆ ಮಂಡಳಕ್ಕೆ ಬೀಗ.

ರಾತ್ರಿ ಊಟಕ್ಕೆ ಕೂತಾಗ ಸಾತಲಿಂಗಪ್ಪನವರು ಹೆಂಡತಿಗೆ ಘೋಷಿಸಿದರು:

“ಬಂಡೆಪ್ಪನ್ನ ತಗದ ಹಾಕ್ತೀನಿ. ಅಂವಗ ವಯಸ್ಸಾತು.”

ಬಂಡೆಪ್ಪ ತಂಡದ ಕ್ಯಾಪ್ಟನ್. ಆ ವರ್ಷ ತಂಡ ಹೊಡೆದಿದ್ದ ಗೋಲುಗಳೆಲ್ಲ ಅವನವೇ. ಕಸ್ತೂರಬಾಯಿ ಕೈಯಲ್ಲಿದ್ದ ರೊಟ್ಟಿಯನ್ನು ಗಂಡನ ತಾಟಿಗೆ ಹಾಕದೆ ಮೇಲೆಯೇ ಹಿಡಿದು ನಿಂತಳು.

“ಎಷ್ಟ ವರ್ಷಾತು ಕಟ್ಟಾಕತ್ತು? ಎಲ್ಲಿ ಕಟ್ಟೀರಿ, ತೋರಸ್ರಿ. ಹ್ವಾದ ವರ್ಷ ಇಬ್ಬರನ್ನ ಕಳಿಸಿದ್ರಿ, ಈ ವರ್ಷ ಮೂವರನ್ನ. ಬಂದವರ ಹೆಸರು ನನ್ನ ಬಾಯಾಗ ಕೂಡೂದ್ರಾಗ ಅವರೂ ಹೋಗಿರ್ತಾರ. ಇದಕ್ಕ ತಂಡ ಅನ್ನೂದಿಲ್ರಿ, ಧರ್ಮಶಾಲಿ ಅಂತಾರ.”

“ನಿನಗ ತಿಳಿಯೂದಿಲ್ಲ. ಹೊಸದಾಗಿ ಕಟ್ಟೂದು ಅಂದ್ರ ನವೀ ಬಾಂಧಣೀ!”

“ಮರಾಠಿಯೊಳಗ ಅಂದ್ರ ಗೋಲ ಜಾಸ್ತಿ ಆಗ್ತಾವೇನ್ರಿ?”

ಸಾತಲಿಂಗಪ್ಪನವರು ಶೇಂಗಾ ಚಟ್ನಿ ಕೇಳಿದರು.

ಮರುದಿನ ಬಂಡೆಪ್ಪ ತನ್ನ ಟ್ರಂಕು ಹೊತ್ತು ಮಾಳಿಗೆ ಇಳಿದ. ಹನ್ನೆರಡು ವರ್ಷ ಆ ಮನೆಯ ಅನ್ನ ಉಂಡವನು. ಸಾವಕಾರರಿಗೆ ನಮಸ್ಕಾರ ಮಾಡಿದ. ಸಾತಲಿಂಗಪ್ಪನವರು ಯಾಕೋ ಅವನ ಮುಖ ನೋಡಲಾಗದೆ ಗಂಟು ಬಿಚ್ಚಿದ್ದ ಚಾದರಗಳನ್ನು ಮತ್ತೆ ಮತ್ತೆ ಮಡಿಸಿದರು. ಕಸ್ತೂರಬಾಯಿ ಹಿತ್ತಲ ಬಾಗಿಲಲ್ಲಿ ರೊಟ್ಟಿಯ ಗಂಟು ಕೊಟ್ಟು, “ಅಕ್ಕಲಕೋಟಿಗೆ ಹೋಗು. ನಮ್ಮ ತಮ್ಮ ಚನ್ನವೀರ ಕಾಳುಕಡಿ ಅಡತಿ ಅಂಗಡಿ ಹಾಕ್ಯಾನ. ನಾ ಕಳಿಸೀನಿ ಅಂತ ಹೇಳು” ಎಂದಳು.

ಸಾತಲಿಂಗಪ್ಪನವರು ಎಸ್.ಟಿ. ಬಸ್ಸಿನಲ್ಲಿ ಕರಜಗಿಗೆ ಹೋಗಿ ಅಮೋಗಸಿದ್ಧ ಎಂಬ ಕುರುಬರ ತರುಣನನ್ನು ಕರೆತಂದರು. ತಪ್ಪಿಸಿಕೊಂಡ ಟಗರನ್ನು ಅವನು ಬೆನ್ನಟ್ಟಿ ಹಿಡಿದದ್ದನ್ನು ಕಣ್ಣಾರೆ ಕಂಡು, “ಇಂಥಾ ಓಟ ಕೌಲಾಲಂಪುರದಾಗೂ ಇರಲಿಲ್ಲ” ಎಂದು ಅಲ್ಲೇ ಕ್ಯಾಪ್ಟನ್‌ಗಿರಿ ಕೊಟ್ಟುಬಿಟ್ಟಿದ್ದರು. ಹಾಕಿ ಎಂದರೇನು ಎಂದು ಅಮೋಗಸಿದ್ಧ ಕೇಳಿದ್ದು ಬಸ್ಸು ಹತ್ತಿದ ಮೇಲೆ.

ಅಷ್ಟರಲ್ಲಿ ಅಕ್ಕಲಕೋಟೆಯಿಂದ ಸವಾಲು ಬಂತು. ಕಸ್ತೂರಬಾಯಿಯ ತಮ್ಮ ಚನ್ನವೀರಪ್ಪ, ಬಂಡೆಪ್ಪನನ್ನು ಮುಂದಿಟ್ಟುಕೊಂಡು ಹೊಸ ತಂಡವನ್ನೇ ನಿಲ್ಲಿಸಿದ್ದ. “ನಿನ್ನೆ ಹುಟ್ಟಿದ ತಂಡ!” ಎಂದು ಸಾತಲಿಂಗಪ್ಪನವರು ಸಂತೋಷದಿಂದ ಒಪ್ಪಿಕೊಂಡರು. ಮಂಡಳಕ್ಕೆ ಬೀಗ ತಪ್ಪಿಸಲು ಇದಕ್ಕಿಂತ ಸುಲಭದ ಪಂದ್ಯ ಸಿಗುವುದುಂಟೆ?

ಹನ್ನೊಂದು ಮಂದಿ ಆಟಗಾರರು, ಅಧ್ಯಕ್ಷರು, ಸೆಕ್ರೆಟರಿ, ತವರಿಗೆ ಹೊರಟ ಕಸ್ತೂರಬಾಯಿ, ಎಲ್ಲರೂ ಒಂದೇ ಬಸ್ಸಿನಲ್ಲಿ ಹೊರಟರು. ವಳಸಂಗದಲ್ಲಿ ಬಸ್ಸು ನಿಂತಾಗ ಗೋಲು ಕಾಯುವ ಗೋಲಿ ಸಿದ್ದರಾಮಪ್ಪ ಚಹಾ ಕುಡಿಯಲು ಇಳಿದ. ಅಕ್ಕಲಕೋಟೆ ಮುಟ್ಟಿದ ಮೇಲೆ ತಲೆ ಎಣಿಸಿದರೆ ಒಂದು ಕಡಿಮೆ. ಅಷ್ಟು ಚೆಂಡುಗಳನ್ನು ಬಿಟ್ಟಿದ್ದವನು ಆ ದಿನ ಬಸ್ಸನ್ನೂ ಬಿಟ್ಟಿದ್ದ.

“ಹನ್ನೊಂದು ಮಂದಿ ಇಲ್ಲದಿದ್ರ ಸೋತ್ಹಂಗ ಲೆಕ್ಕ. ನಿಯಮ ಐತಿ” ಎಂದರು ಕಲ್ಯಾಣಪ್ಪ ಮಾಸ್ತರರು.

ಎಲ್ಲರ ಕಣ್ಣು ಸಾತಲಿಂಗಪ್ಪನವರ ದೊಡ್ಡ ಹೊಟ್ಟೆಯ ಮೇಲೆ ಬಿತ್ತು. ಅವರ ಕಣ್ಣು ಮಾಸ್ತರರ ಮೇಲೆ ಬಿತ್ತು. ಮಾಸ್ತರರು ಗಾಳಿಗೆ ಹಾರುವಷ್ಟು ಸಣಕಲು.

“ನಿಂದರ್ರಿ” ಎಂದಳು ಕಸ್ತೂರಬಾಯಿ. “ನೀವು ನಿಂತ್ರ ಗೋಲ ಕಾಣೂದಽ ಇಲ್ಲ.”

ಧೋತರದ ಮೇಲೆ ಪ್ಯಾಡು ಕಟ್ಟಿದರು. ಅಂಗಿಯ ಮೇಲೆ ಹೊಟ್ಟೆಗೆ ಎರಡು ಸೋಲಾಪುರಿ ಚಾದರ ಸುತ್ತಿದರು. ಈ ವೇಷದಲ್ಲಿ ಅವರು ಮೈದಾನಕ್ಕಿಳಿದಾಗ ಅಕ್ಕಲಕೋಟೆಯ ಜನ ಯಾರೋ ದೊಡ್ಡ ಮನುಷ್ಯರು ಪಂದ್ಯ ಉದ್ಘಾಟಿಸಲು ಬಂದರೆಂದು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆಟ ಶುರುವಾಯಿತು. ಅಮೋಗಸಿದ್ಧ ಗಾಳಿಯಂತೆ ಓಡಿದ. ಚೆಂಡು ಮಾತ್ರ ಹಿಂದೆಯೇ ಉಳಿಯಿತು. ಅಷ್ಟರಲ್ಲಿ ಮೈದಾನದ ಅಂಚಿಗೆ ಆಡುಗಳ ಹಿಂಡೊಂದು ನುಗ್ಗಿತು. ಅವನು ತಡೆಯಲಾರದೆ ಕೋಲು ಎತ್ತಿ “ಹರ್ರ್ ಹರ್ರ್” ಎಂದು ಅವನ್ನು ಒಟ್ಟುಗೂಡಿಸಿಕೊಂಡು ಊರ ದಾರಿ ಹಿಡಿಸಿ ಬಂದ. ಆ ದಿನ ವಿಜಯ ಮಂಡಳದವರು ಒಗ್ಗೂಡಿಸಿ ಮುನ್ನಡೆಸಿದ್ದು ಆ ಹಿಂಡೊಂದನ್ನೇ.

ಇತ್ತ ಸಾತಲಿಂಗಪ್ಪನವರು ಕಣ್ಣು ಮುಚ್ಚಿ ಸಿದ್ಧರಾಮೇಶ್ವರನನ್ನು ನೆನೆಯುತ್ತ ನಿಂತಿದ್ದರು. ಚೆಂಡುಗಳು ಬಂದವು. ಕೆಲವು ತೊಡೆಗೆ ಬಡಿದವು, ಕೆಲವು ಬೆನ್ನಿಗೆ (ಅವರು ತಿರುಗಿ ನಿಂತಿದ್ದ ಹೊತ್ತಿನಲ್ಲಿ), ಬಹಳಷ್ಟು ಹೊಟ್ಟೆಗೆ ಬಡಿದು ‘ಧಪ್’ ಎಂದು ಕೆಳಗೆ ಬಿದ್ದವು. ಅವರು ಅಲುಗಲಿಲ್ಲ. ಅಲುಗುವುದು ಅವರಿಂದ ಆಗುವ ಕೆಲಸವೂ ಆಗಿರಲಿಲ್ಲ.

ಕೊನೆಯ ಗಳಿಗೆಯಲ್ಲಿ ಅಕ್ಕಲಕೋಟೆಗೆ ಪೆನಾಲ್ಟಿ ಸಿಕ್ಕಿತು. ಹೊಡೆಯಲು ಬಂದವನು ಬಂಡೆಪ್ಪ. ಸಾತಲಿಂಗಪ್ಪನವರು ಆಗ ಕಣ್ಣು ತೆರೆದರು. ಇವನನ್ನು ಹೊರಗೆ ಹಾಕಿದ ಬೆಳಿಗ್ಗೆ ನೋಡಲಾಗದ ಮುಖವನ್ನು ಈಗ ನೋಡಲೇಬೇಕಾಯಿತು.

“ಹೊಡಿ ಬಂಡೆಪ್ಪಾ” ಎಂದರು ಮೆಲ್ಲಗೆ. “ಹೊಡಿ. ನಿಂದಽ ನ್ಯಾಯ.”

ಬಂಡೆಪ್ಪ ಹೊಡೆದ. ಚೆಂಡು ಚಾದರದ ಮಡಿಕೆಯಲ್ಲಿ ಹೊಕ್ಕು ಅಲ್ಲೇ ಉಳಿಯಿತು. ಸೀಟಿ ಮೊಳಗಿತು. ಗೋಲಿಲ್ಲ, ಸೋಲಿಲ್ಲ!

ಸಂಜೆ ಚನ್ನವೀರಪ್ಪನ ಮನೆಯ ಪಡಸಾಲೆಯಲ್ಲಿ ಎರಡೂ ತಂಡಕ್ಕೆ ಹೋಳಿಗೆಯ ಊಟ.

“ಬೇಕಂತ ಹೊಟ್ಟಿಗೆ ಹೊಡದಿ ಹೌದಲ್ಲೋ?” ಎಂದು ಚನ್ನವೀರಪ್ಪ ಬಂಡೆಪ್ಪನನ್ನು ಗದರಿಸಿದ.

“ಇಲ್ರಿ. ಹೊಟ್ಟಿ ಬಿಟ್ಟು ಬ್ಯಾರೆ ಜಾಗಾ ಕಾಣಲಿಲ್ರಿ” ಎಂದ ಬಂಡೆಪ್ಪ.

ಅಕ್ಕನ ಗಂಡನನ್ನು ‘ದಾಜಿ’ ಎನ್ನುತ್ತಿದ್ದ ಚನ್ನವೀರಪ್ಪ, “ದಾಜಿ, ಇಷ್ಟ ವರ್ಷ ನೀವು ಎಲ್ಲಿ ಅಡಗಿದ್ರಿ?” ಎಂದು ಇನ್ನೊಂದು ಹೋಳಿಗೆ ಬಡಿಸಿದ. ತುಪ್ಪವೂ ಹೊಗಳಿಕೆಯೂ ಒಟ್ಟಿಗೆ ಹೊಟ್ಟೆ ಸೇರಿದಾಗ ಸಾತಲಿಂಗಪ್ಪನವರಿಗೆ ತಡೆಯಲಾಗಲಿಲ್ಲ. ಎದ್ದು ನಿಂತು ಸಾರಿದರು:

“ಇನ್ನ ಮ್ಯಾಲ ವಿಜಯ ಮಂಡಳದ ಗೋಲಿ ನಾನಽ!”

ಚಪ್ಪಾಳೆ ಬಿತ್ತು. ಅದು ನಿಲ್ಲುವುದನ್ನೇ ಕಾದಿದ್ದ ಕಲ್ಯಾಣಪ್ಪ ಮಾಸ್ತರರು ಕೆಮ್ಮಿದರು.

“ಆನಂದ ಆತ್ರಿ. ಆದ್ರ ಆಟಗಾರ ಆದಂವ ಅಧ್ಯಕ್ಷ ಇರಾಕ ಬರೂದಿಲ್ಲ. ನಿಯಮ ಐತಿ.”

ಹಾಗಾದರೆ ಅಧ್ಯಕ್ಷರು ಯಾರು? ಉಳಿದ ಹತ್ತೂ ಮಂದಿ ಆಟಗಾರರು ತಾವು ದಿನಾ ಯಾರ ಕೈಯ ರೊಟ್ಟಿ ತಿನ್ನುತ್ತಿದ್ದರೋ ಅವರ ಕಡೆಗೆ ನೋಡಿದರು. ಕೈಗಳು ಮೇಲೆದ್ದವು. ಕಸ್ತೂರಬಾಯಿ ಸೆರಗು ಸರಿಮಾಡಿಕೊಂಡು ಅಲ್ಲೇ ಮೊದಲ ಅಪ್ಪಣೆ ಕೊಟ್ಟಳು:

“ಬಂಡೆಪ್ಪ ನಾಳಿ ನಮ್ಮ ಜೋಡಿ ಬಸ್ಸಿಗೆ ಬರ್ತಾನ. ಕ್ಯಾಪ್ಟನ್ ಅಂವನಽ.”

“ಅಕ್ಕಾ, ಅಂವ ನಮ್ಮಂವ!” ಎಂದ ಚನ್ನವೀರಪ್ಪ.

“ಹೋಳಿಗಿ ಬಡಸೋ ಸುಮ್ನ.”

ಎರಡನೆಯ ಅಪ್ಪಣೆ ಗಂಡನಿಗೆ. ಆಟಗಾರನೆಂದ ಮೇಲೆ ಆಟಗಾರನಂತೆಯೇ ಇರಬೇಕು. ಬೆಳಗಾಗುವುದೇ ತಡ, ಕೆರೆಯ ದಂಡೆಗುಂಟ ಓಟ. ತುಪ್ಪ ಬಂದ್. ರೊಟ್ಟಿ ಎರಡೇ. “ಅಧ್ಯಕ್ಷರು ಬ್ಯಾರೆ, ಹೆಂಡತಿ ಬ್ಯಾರೆ” ಎಂದು ಆಕೆ ಹೇಳಿದ್ದರಿಂದ ಮೇಲ್ಮನವಿಗೂ ದಾರಿ ಇರಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಸಾತಲಿಂಗಪ್ಪನವರ ಹೊಟ್ಟೆ ಕರಗಿ, ಸೊಂಟಕ್ಕೆ ಸೊಂಟದ ಆಕಾರ ಬಂತು. ಕನ್ನಡಿಯಲ್ಲಿ ನೋಡಿಕೊಂಡು ಅವರಿಗೆ ತಮ್ಮ ಮೇಲೆಯೇ ಪ್ರೀತಿ ಹುಟ್ಟಿತು. ಆಟಗಾರರಂತೆ ಕುಪ್ಪಳಿಸುವುದನ್ನೂ ಕಲಿತರು.

ದಸರೆಯ ಮುಂದೆ ರೈಲ್ವೆ ಹುಡುಗರ ಜೊತೆ ಮತ್ತೆ ಪಂದ್ಯ. ಬಂಡೆಪ್ಪ ಮೂರು ಗೋಲು ಹೊಡೆದ. ಸಾತಲಿಂಗಪ್ಪನವರು ಎಡಕ್ಕೆ ಹಾರಿದರು, ಬಲಕ್ಕೆ ಹಾರಿದರು, ಚಿರತೆಯ ಹಾಗೆ ಹಾರಿದರು. ಏಳು ಚೆಂಡು ಒಂದರ ಹಿಂದೊಂದು, ಮೊದಲು ಅವರ ಹೊಟ್ಟೆ ಇರುತ್ತಿದ್ದ ಜಾಗದಿಂದಲೇ ಸರಾಗ ಒಳಗೆ ಹೋದವು.

ಆಟ ಮುಗಿದು ಅವರು ಬೆವರು ಒರೆಸಿಕೊಳ್ಳುತ್ತ ಬಂದಾಗ ಅಧ್ಯಕ್ಷರು ಬಯ್ಯಲಿಲ್ಲ. ಗಂಡನನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿ, ಬಂಡೆಪ್ಪನ ಕಡೆ ತಿರುಗಿ ನಿಟ್ಟುಸಿರು ಬಿಟ್ಟರು.

“ಇವರದೇನೂ ತಪ್ಪಿಲ್ಲ ಬಂಡೆಪ್ಪಾ. ಎಂಥಾ ಚಲೋ ಗ್ವಾಡಿ ಇತ್ತು, ನನ್ನ ಕೈಯಾರೆ ನಾನಽ ಕೆಡವಿದೆ.”